ಎರಡನೇ ಯೂನಿಟ್

ಹರಿಣಿ ಕಾಫಿಯ ತಟ್ಟೆಯನ್ನು ಟೀಪಾಯಿಯ ಮೇಲೆ ಇಡುವುದಕ್ಕೂ ಒಳಗಿನ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಅವಳು ಸೀರೆಯ ನೆರಿಗೆ ಹಿಡಿದುಕೊಂಡು ಒಳಗೆ ಓಡಿದಳು.

ಹೆಣ್ಣು ನೋಡಲು ದೆಹಲಿಯ ಹೌಜ್ ಖಾಸ್‌ನಿಂದ ಬಂದಿದ್ದವರು ಇಬ್ಬರೇ: ಹುಡುಗ ರಾಘವ ಮತ್ತು ಅವನ ತಾಯಿ ಸುಶೀಲಮ್ಮ. ಗ್ರೇಟರ್ ನೋಯ್ಡಾ ದಾಟಿ, ಮಳೆಯಲ್ಲಿ ಎರಡು ಗಂಟೆ ಕಾರಿನಲ್ಲಿ ಕೂತು, ಹರಿಣಿ ಕೆಲಸ ಮಾಡುವ ಥರ್ಮಲ್ ವಿದ್ಯುತ್ ಸ್ಥಾವರದ ಈ ಕಾಲೊನಿಗೆ ತಲುಪಿದ್ದರು. ಆಗಷ್ಟೇ ಸುಶೀಲಮ್ಮ ಕೇಳಿದ್ದರು, "ಮದುವೆ ಆದ್ಮೇಲೂ ಈ ಶಿಫ್ಟು ಗಿಫ್ಟು ಎಲ್ಲ ಇರುತ್ತೇನಮ್ಮ?" ಹರಿಣಿ ಬಾಯಿ ತೆರೆಯುವ ಮೊದಲೇ ಅವಳ ತಾಯಿ ಶಾಂತಮ್ಮ, "ಅದೆಲ್ಲ ಆಮೇಲೆ ನೋಡ್ಕೊಂಡ್ರಾಯ್ತು ಬಿಡಿ" ಎಂದು ಚಕ್ಕುಲಿಯ ತಟ್ಟೆ ಮುಂದೆ ತಳ್ಳಿದ್ದರು. ಹಿಂದಿನ ಎರಡು ಸಂಬಂಧಗಳು ಈ ಪ್ರಶ್ನೆಯಲ್ಲೇ ಮುಗಿದುಹೋಗಿದ್ದವು.

ಹರಿಣಿ ಹೊರಗೆ ಬಂದಳು. "ಅಮ್ಮ, ಎರಡನೇ ಯೂನಿಟ್ ಟ್ರಿಪ್ ಆಗಿದೆ. ಒದ್ದೆ ಕಲ್ಲಿದ್ದಲು ಕಟ್ಟಿಕೊಂಡು ಬಾಯ್ಲರ್‌ನಲ್ಲಿ ಉರಿ ಆರಿಹೋಗಿದೆಯಂತೆ. ಕಂಟ್ರೋಲ್ ರೂಮಲ್ಲಿ ಜನ ಸಾಲದು."

"ಇವತ್ತು ನಿನಗೆ ರಜಾ ಅಲ್ವೇನೇ!"

"ನನಗೆ ರಜಾ. ಕಲ್ಲಿದ್ದಲಿಗೆ ಗೊತ್ತಿಲ್ವಲ್ಲ."

ರಾಘವನಿಗೆ ನಗು ಬಂತು. "ಒಂದು ಯೂನಿಟ್ ನಿಂತ್ರೆ ಏನಾಗುತ್ತೆ? ಬೇರೆಯವು ಇವೆಯಲ್ಲ?"

"ಅವು ಅವುಗಳ ಪಾಲು ಕೊಡ್ತಾ ಇವೆ. ಇನ್ನೂರು ಮೆಗಾವ್ಯಾಟ್ ಕಡಿಮೆ ಬಿದ್ರೆ ದೆಹಲಿಯಲ್ಲಿ ಎಲ್ಲೋ ಒಂದು ಕಡೆ ಕರೆಂಟ್ ತೆಗೀಲೇಬೇಕು. ಎಲ್ಲಿ ಅಂತ ನಮಗೂ ಗೊತ್ತಿರಲ್ಲ." ಅವಳು ಸುಶೀಲಮ್ಮನ ಕಡೆ ತಿರುಗಿದಳು. "ಆಂಟಿ, ಶಿಫ್ಟ್ ಇರುತ್ತೆ. ಮದುವೆ ಆದ್ಮೇಲೂ ಹೀಗೇ ಇರುತ್ತೆ. ಬಿಡೋಕೆ ನನಗೆ ಇಷ್ಟ ಇಲ್ಲ."

ಶಾಂತಮ್ಮ ಕಣ್ಣು ಮುಚ್ಚಿಕೊಂಡರು. ಹರಿಣಿ ಒಳಗೆ ಹೋದಳು. ಸುಶೀಲಮ್ಮ ಕಾಫಿ ಲೋಟ ಕೆಳಗಿಟ್ಟು ಎದ್ದು, ಅವಳ ಹಿಂದೆಯೇ ನಡೆದರು.

ಕನ್ನಡಿಯ ಮುಂದೆ ಹರಿಣಿ ಮಲ್ಲಿಗೆ ದಂಡೆಯನ್ನು ಕೀಳಲು ಒದ್ದಾಡುತ್ತಿದ್ದಳು. ಶಾಂತಮ್ಮ ಬೆಳಿಗ್ಗೆ ಅದಕ್ಕೆ ಏಳು ಪಿನ್ನು ಚುಚ್ಚಿದ್ದರು. "ಅಲ್ಲಾಡಬೇಡ, ಕೂದಲು ಕಿತ್ತುಹೋಗುತ್ತೆ" ಎಂದು ಸುಶೀಲಮ್ಮ ಒಂದೊಂದಾಗಿ ಪಿನ್ನು ತೆಗೆದು ತಮ್ಮ ತುಟಿಗಳ ನಡುವೆ ಇಟ್ಟುಕೊಂಡರು. ಕೊನೆಯದನ್ನು ತೆಗೆದ ಮೇಲೆ ಕೇಳಿದರು, "ಹೆಲ್ಮೆಟ್ ಹಾಕ್ಕೋಬೇಕಾ?"

"ಹೂಂ ಆಂಟಿ."

"ಹಾಗಾದ್ರೆ ಗಂಟು ಕೆಳಗೆ ಬರಲಿ." ಜಡೆಯನ್ನು ಸುತ್ತಿ ಕತ್ತಿನ ಬಳಿ ಬಿಗಿಯಾಗಿ ಗಂಟು ಹಾಕಿದರು. ಹರಿಣಿ ನೀಲಿ ಅಂಗಿ, ಪ್ಯಾಂಟು ತೊಟ್ಟು ಸ್ಕೂಟಿ ಹತ್ತಿ ಹೋದಳು. ಹಣೆಯಲ್ಲಿ ಕುಂಕುಮ ಹಾಗೆಯೇ ಇತ್ತು.

ಅರ್ಧ ಗಂಟೆಯಾದರೂ ಹೊರಡುವ ಮಾತನ್ನು ಯಾರೂ ಎತ್ತಲಿಲ್ಲ. ರಾಘವ ಮೂರನೆಯ ಚಕ್ಕುಲಿ ಮುರಿದ. ಶಾಂತಮ್ಮ ಸೆರಗಿನ ತುದಿ ಹಿಂಡುತ್ತ, "ದಯವಿಟ್ಟು ಏನೂ ತಪ್ಪು ತಿಳ್ಕೋಬೇಡಿ, ಅವಳು ಸಣ್ಣವಳಿದ್ದಾಗಿಂದ್ಲೂ ಹೀಗೇ..." ಎಂದು ಶುರುಮಾಡುತ್ತಿದ್ದಂತೆ ಸುಶೀಲಮ್ಮನ ಮೊಬೈಲು ಮೊಳಗಿತು. ಹೌಜ್ ಖಾಸ್‌ನ ಮನೆಯಲ್ಲೇ ಉಳಿದಿದ್ದ ಅವರ ಗಂಡ ಏಕನಾಥರ ದನಿ ಇಡೀ ಹಾಲಿಗೆ ಕೇಳುವಷ್ಟು ಜೋರಾಗಿತ್ತು.

"ಲೈಟ್ ಹೋಗಿ ಇಪ್ಪತ್ತು ನಿಮಿಷ ಆಯ್ತು ಕಣೇ! ಇಲ್ಲಿ ಬೆವರಲ್ಲಿ ಬೇಯ್ತಾ ಇದೀನಿ. ಇನ್ವರ್ಟರ್ ಬೇರೆ ಕುಂಯ್ ಅಂತಿದೆ. ಯಾವಾಗ ಬರುತ್ತೋ ಏನೋ!"

"ರೀ, ಸ್ವಲ್ಪ ತಾಳ್ಕೊಳ್ಳಿ," ಎಂದರು ಸುಶೀಲಮ್ಮ. "ನಮ್ಮ ಹುಡುಗಿ ಅದಕ್ಕೇ ಹೋಗಿದಾಳೆ."