ಗುಂಡನ ಊಟ

ಭಾನುವಾರ ಬೆಳಿಗ್ಗೆ ಸಿಯಾ ಹಾವನ್ನು ತಕ್ಕಡಿಯ ಮೇಲಿಟ್ಟು ನೋಡಿದಳು. ಕಳೆದ ವಾರಕ್ಕಿಂತಲೂ ತೂಕ ಇಳಿದಿತ್ತು. ಅದು ಊಟ ಮಾಡಿ ಏಳು ವಾರವಾಗಿತ್ತು. ಅವಳ ತಾಯಿ ವಸುಧಾ ಅದರ ಬೆನ್ನಿನ ಮೇಲೆ ಬೆರಳೆಳೆದಳು. ಚರ್ಮದಡಿಯ ಮೂಳೆ ಕೈಗೆ ತಾಗಿತು. ರಾಚೆಸ್ಟರ್ ಹಿಲ್ಸ್‌ನ ಆಸ್ಪತ್ರೆಯಲ್ಲಿ ಅವಳು ಡಯಟಿಶಿಯನ್. ಸೊರಗಿದ ಮೈ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಂಡನೆಂಬ ಆ ವಿಷವಿಲ್ಲದ ಸಾಕುಹಾವು ಅವರದಲ್ಲ. ವಿಕ್ಸಮ್‌ನ ಕಾರ್ಖಾನೆಯಲ್ಲಿ ಅವಳ ಗಂಡ ಶ್ರೀಧರನ ಜೊತೆ ಕೆಲಸಕ್ಕಿದ್ದ ಗುರುಸಿದ್ದನದು. 2009ರ ಬೇಸಿಗೆಯಲ್ಲಿ ಅವನ ಕೆಲಸ ಹೋಯಿತು, ಹಿಂದೆಯೇ ಮನೆಯೂ ಹೋಯಿತು. ಈಗ ಬೇರೆ ರಾಜ್ಯದ ಶಾಮ್‌ಬರ್ಗ್‌ನಲ್ಲಿ ಗೆಳೆಯನೊಬ್ಬನ ಸೋಫಾ ಮೇಲೆ ಮಲಗಿ ಕೆಲಸ ಹುಡುಕುತ್ತಿದ್ದ. ಹೊರಡುವ ದಿನ ಗಾಜಿನ ಪೆಟ್ಟಿಗೆ ತಂದಿಟ್ಟು, ಆರು ತಿಂಗಳು ನೋಡಿಕೊಳ್ಳಿ ಎಂದು ಕೈಮುಗಿದಿದ್ದ. ಮೊದಲ ವಾರ ವಸುಧಾ ಆ ಕೋಣೆಗೆ ಕಾಲಿಡಲಿಲ್ಲ. ಮುಟ್ಟಿದರೆ ಸಾಕು, ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುವ ಗುಂಡ ತನಗಿಂತ ಹೆಚ್ಚು ಹೆದರಿದ್ದಾನೆಂದು ತಿಳಿದ ಮೇಲೆ ಅವಳ ಭಯ ಹೋಯಿತು. ಆಸ್ಪತ್ರೆಯಿಂದ ಬಂದವಳು ಕೋಟು ತೆಗೆಯುವ ಮೊದಲೇ ಪೆಟ್ಟಿಗೆಯ ಶಾಖ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಇದೆಯೇ ಎಂದು ನೋಡುವಂತಾದಳು.

ಗುಂಡ ತಿನ್ನುತ್ತಿದ್ದದ್ದು ಫ್ರೀಜ್ ಮಾಡಿ ಮಾರುವ ಇಡೀ ಇಲಿ. ಸುತ್ತಲಿನ ಅಂಗಡಿಗಳಿಗೆಲ್ಲ ಇಲಿ ಸಾಕಿ ಕೊಡುತ್ತಿದ್ದವರು ಆ ವರ್ಷ ವ್ಯಾಪಾರವನ್ನೇ ಮುಚ್ಚಿದ್ದರು. ಹೊಸ ಮಾಲು ಯಾವಾಗ ಬರುತ್ತದೆಂದು ಅಂಗಡಿಯವರಿಗೂ ಗೊತ್ತಿರಲಿಲ್ಲ. ಶ್ರೀಧರ ಒಂದು ಚಿಕನ್ ತುಂಡು ಹಾಕಿ ನೋಡೋಣವೆಂದ. ಬರೀ ಮಾಂಸ ಸಾಲದು ಎಂದಳು ವಸುಧಾ. ಇಡೀ ಇಲಿಯೆಂದರೆ ಗುಂಡನಿಗೆ ಪೂರ್ತಿ ಎಲೆಯೂಟ. ಮೂಳೆಯಲ್ಲಿ ಕ್ಯಾಲ್ಸಿಯಂ, ಲಿವರಿನಲ್ಲಿ ವಿಟಮಿನ್. ಮಾಂಸವೊಂದನ್ನೇ ಹಾಕುವುದು ಮಗುವಿಗೆ ದಿನವೂ ಬರೀ ಅನ್ನ ತಿನ್ನಿಸಿದ ಹಾಗೆ.

ಮಧ್ಯಾಹ್ನ ಗುರುಸಿದ್ದ ಫೋನ್ ಮಾಡಿದ. ಗುಂಡ ಉಂಡನೇ ಎಂದು ಹಿಂದೆ ಕೇಳಿದಾಗ ವಸುಧಾ ಎರಡು ಸಲ ಹೌದೆಂದು ಸುಳ್ಳು ಹೇಳಿದ್ದಳು. ಈ ಸಲ ಸುಳ್ಳಿಗೆ ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಗುರುಸಿದ್ದ ಅಷ್ಟಕ್ಕೇ ತೀರ್ಮಾನಿಸಿಬಿಟ್ಟ.

"ನಾ ಬಂದು ಕರ್ಕೊಂಡು ಹೋಗ್ತೀನ್ರಿ, ಅಕ್ಕಾರ. ಸಾಕೋರು ಯಾರರ ಸಿಕ್ರ ಕೊಟ್ಟುಬಿಡ್ತೀನಿ. ನನ್ನ ಕಡೆ ಉಳಿದದ್ದು ಅದೊಂದ ಇತ್ತು."

"ಯಾರಿಗೂ ಕೊಡೋದು ಬೇಡ. ನನಗೆ ಒಂದು ವಾರ ಟೈಮ್ ಕೊಡಪ್ಪ."

ಇಲಿಯ ವಾಸನೆಯಿಲ್ಲದಿದ್ದರೆ ಗುಂಡ ಬೇರೇನನ್ನೂ ಮುಟ್ಟುವುದಿಲ್ಲ ಎಂದು ಎಚ್ಚರಿಸಿ ಗುರುಸಿದ್ದ ಫೋನಿಟ್ಟ. ಫೋನಿನ ಪಕ್ಕದಲ್ಲೇ ಇದ್ದ ಸಿಯಾ ಆ ಮಾತನ್ನು ಕೇಳಿಸಿಕೊಂಡಿದ್ದಳು. ಅವಳ ಕ್ಲಾಸಿನ ಹುಡುಗಿಯೊಬ್ಬಳು ಎರಡು ಬಿಳಿ ಇಲಿ ಸಾಕಿದ್ದಳು. ಅವುಗಳ ಗೂಡಿಗೆ ಹಾಸಿ ವಾಸನೆ ಹಿಡಿದ ಮರದ ಹೊಟ್ಟನ್ನು ಒಂದು ಹಿಡಿ ಕೇಳಿ ತರುತ್ತೇನೆಂದು ಸಿಯಾ ಸೈಕಲ್ ಹತ್ತಿದಳು. ಇತ್ತ ವಸುಧಾ ಅಂಗಡಿಗೆ ಹೋದಳು. ಹುಟ್ಟಿದಾಗಿನಿಂದ ಮನೆಗೆ ಮೊಟ್ಟೆಯನ್ನೂ ತಾರದವಳು, ಮಾಂಸದ ಸಾಲಿನ ಮುಂದೆ ಏನು ಕೇಳಬೇಕೆಂದು ತಿಳಿಯದೆ ಎರಡು ಸಲ ಅತ್ತಿಂದಿತ್ತ ನಡೆದಳು. ಕೊನೆಗೆ ಮೂಳೆಯಿರುವ ಕೋಳಿಯ ಕತ್ತು, ಒಂದಿಷ್ಟು ಲಿವರ್ ಎಂದಳು. ಸೂಪ್ ಮಾಡಲಿಕ್ಕಾ ಎಂದು ಕೌಂಟರಿನವನು ವಿಚಾರಿಸಿದ. ಪೇಷೆಂಟ್ ಒಬ್ಬರಿಗೆ ಎಂದಳು. ಗ್ಯಾರೇಜಿನಲ್ಲಿ ಪೇಪರ್ ಹಾಸಿ, ಆಸ್ಪತ್ರೆಯ ಗ್ಲೌಸ್ ತೊಟ್ಟು, ಹಾವಿನ ಬಾಯಿಗೆ ಆಗುವಷ್ಟು ಕತ್ತನ್ನು ಕತ್ತರಿಸಿದಳು. ಅದರ ತೊಗಲಿನೊಳಗೆ ಲಿವರನ್ನು ತುರುಕಿದಳು. ನಡುವೆ ಒಮ್ಮೆ ಚಾಕು ಕೆಳಗಿಟ್ಟಳು. ಬಾಗಿಲು ತೆರೆದು ತಣ್ಣನೆಯ ಗಾಳಿಯಲ್ಲಿ ನಿಂತಿದ್ದು, ಮತ್ತೆ ಒಳಗೆ ಬಂದು ಕೆಲಸ ಮುಗಿಸಿದಳು. ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಸಿಯಾ ತಂದ ಹೊಟ್ಟಿನಲ್ಲಿ ಅದನ್ನು ಚೆನ್ನಾಗಿ ಹೊರಳಿಸಿದಳು.

ಇಕ್ಕಳದ ತುದಿಯಲ್ಲಿ ಅದನ್ನು ಹಿಡಿದು ಪೆಟ್ಟಿಗೆಯ ಮುಂದೆ ಕುಳಿತಾಗ ಗುಂಡ ತಲೆ ಎತ್ತಲಿಲ್ಲ. ಕೈ ಸೋಲುವವರೆಗೆ ಹಿಡಿದಳು, ಕೈ ಬದಲಾಯಿಸಿ ಮತ್ತೆ ಹಿಡಿದಳು. "ತಗೋ ಮರಿ, ಒಂದೇ ತುತ್ತು" ಎಂದು ಮೆಲ್ಲಗೆ ಹೇಳಿದಳು. ನಾಲಿಗೆ ಒಮ್ಮೆ ಹೊರಬಂತು, ಮತ್ತೊಮ್ಮೆ ಬಂತು. ಆಮೇಲೆ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಗುಂಡ ಎರಗಿ ಅದನ್ನು ಸುತ್ತಿಕೊಂಡ. ಬಹಳ ಹೊತ್ತಿನ ಮೇಲೆ ಅವನ ದವಡೆ ಅಗಲವಾಯಿತು. ಕುತ್ತಿಗೆಯೊಳಗೆ ಒಂದು ಉಬ್ಬು ಕಾಣಿಸಿ ಕೆಳಗಿಳಿಯತೊಡಗಿತು. ಸಂತೋಷದಲ್ಲಿ ಏನೋ ಹೇಳಲು ತಿರುಗಿದ ಸಿಯಾ ತಾಯಿಯ ಮುಖವನ್ನೇ ನೋಡುತ್ತ ಕುಳಿತಳು. ಉಬ್ಬು ಒಂದೊಂದು ಅಂಗುಲ ಇಳಿದಾಗಲೂ ಅಮ್ಮ ತಾನೂ ಒಂದೊಂದು ಗುಟುಕು ಉಗುಳು ನುಂಗುತ್ತಿದ್ದಳು.