ಹಸಿ ಕಾಂಕ್ರೀಟು

“ಇಳಿಜಾರು ಜಾಸ್ತಿ ಐತೆ ಸಾರ್. ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ರೆ ಎರಡು ಮಳೆಗೇ ಜಾರಿ ಗೇಟಿಗೆ ಬಂದು ಕೂರ್ತವೆ. ಕಾಂಕ್ರೀಟ್ ಹಾಕಿ ಜಾರದಂಗೆ ಗೆರೆ ಎಳೀತೀನಿ,” ಎಂದ ಮೇಸ್ತ್ರಿ.

“ಇಂಟರ್‌ಲಾಕೇ ಹಾಕು,” ಎಂದ ಮನೆಯ ಯಜಮಾನ.

ಇದೇ ಇಳಿಜಾರಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಅವನು ಮಗಳನ್ನು ನೋಡಿರಲಿಲ್ಲ. ಅವಳು ಹೋದ ಮೇಲೆ ಹಾಕಿಸಿದ ಕಾಂಕ್ರೀಟಿನಲ್ಲಿ ಬೆಳಗಾಗುವಷ್ಟರಲ್ಲಿ ಪುಟ್ಟ ಹೆಜ್ಜೆಗಳು ಮೂಡಿದ್ದವು. ಹೆಂಡತಿ ಎಷ್ಟು ಅತ್ತರೂ ಬಿಡದೆ ಅವನು ಅದನ್ನು ಒಡೆಸಿಹಾಕಿದ್ದ.

“ಕಾಂಕ್ರೀಟ್ ಹಾಕಿದ್ರೆ ಮಗುವಿನ ಹೆಜ್ಜೆ ಮೂಡ್ತದೆ,” ಎಂದ.

ಮೇಸ್ತ್ರಿ ನಕ್ಕ. “ಪಕ್ಕದ್ಮನೆ ಮಕ್ಳು ತುಳಿದಿರ್ತವೆ ಬಿಡಿ ಸಾರ್. ಈ ಸಲ ಒಣಗೋ ತನಕ ನಾನೇ ಕಾವಲು ಕೂರ್ತೀನಿ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೆಳಗಿಳಿದು ಬಂದಳು.

“ಕಾಂಕ್ರೀಟೇ ಹಾಕಪ್ಪ, ಕಾವಲು ಮಾತ್ರ ಬೇಡ. ಅವಳ ಪಾದ ಈಗ ಎಷ್ಟು ಬೆಳೆದಿದೆಯೋ ನೋಡ್ಬೇಕು.”