ಮೋಟಾರು ಬಿಚ್ಚಿದ ದಿನ

ಬೆಳಗ್ಗೆ ಹತ್ತೂವರೆಗೆ ಸೊಸೆ ಹೊಲಿಗೆ ಕೋಣೆಗೆ ಬಂದಾಗ, ಅತ್ತೆ ನೆಲದ ಮೇಲೆ ಕೂತು ಯಂತ್ರದ ಮೋಟಾರನ್ನು ಬಿಚ್ಚುತ್ತಿದ್ದರು.

"ಕೆಟ್ಟೋಯ್ತಾ ಅತ್ತೆ?"

"ಅದಕ್ಕೇನು ಧಾಡಿ, ಗಟ್ಟಿಮುಟ್ಟಾಗಿದೆ. ಕೆಟ್ಟಿರೋದು ನನ್ನ ತಲೆ."

ಸೊಸೆಗೆ ಪಿಚ್ಚೆನಿಸಿತು. ಅತ್ತೆಯ ಮಂಡಿನೋವು ನೋಡಲಾರದೆ ಮೂರು ತಿಂಗಳ ಹಿಂದೆ ಅವಳೇ ಹಾಕಿಸಿದ ಮೋಟಾರು ಅದು. ಕಾಲಿನ ಹೆಬ್ಬೆರಳು ಊರಿದರೆ ಸಾಕು, ಯಂತ್ರ ತಾನೇ ಓಡುತ್ತಿತ್ತು. ಹೊಲಿಗೆ ಬೇಗ ಮುಗಿಯುತ್ತಿತ್ತು, ಅತ್ತೆಯ ತಾಳ್ಮೆ ಅದಕ್ಕಿಂತ ಬೇಗ ಮುಗಿಯುತ್ತಿತ್ತು. ಮೂವತ್ತು ವರ್ಷ ಗಿರಾಕಿಗಳಿಗೆ ಒಂದು ಬಿರುನುಡಿ ಆಡದವರು, ಮೊನ್ನೆ ಅಂಗಿಯ ಅಳತೆ ಕೊಡಲು ಬಂದ ಮೇಷ್ಟರಿಗೆ "ಹೊಟ್ಟೆ ಒಳಗೆ ಎಳ್ಕೋಬೇಡಿ, ಅದೆಲ್ಲೂ ಹೋಗಲ್ಲ" ಎಂದುಬಿಟ್ಟಿದ್ದರು. ಮೇಷ್ಟರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಉಪಕಾರ ಮಾಡಲು ಹೋಗಿ ಹೀಗಾಯಿತಲ್ಲ ಎಂದು ಸೊಸೆ ಒಳಗೊಳಗೇ ಕೊರಗಿದ್ದಳು.

ಅತ್ತೆ ಹಳೆಯ ಚರ್ಮದ ಬೆಲ್ಟನ್ನು ಚಕ್ರಕ್ಕೆ ಏರಿಸಿ, ಸ್ಟೂಲಿನ ಮೇಲೆ ಕೂತು ಪೆಡಲು ತುಳಿದರು. ಅವರ ಮುಖ ಸಡಿಲವಾಯಿತು.

"ನಿನ್ನ ಮಾವ ಆಸ್ಪತ್ರೇಲಿದ್ದಾಗ ಮನೇಲಿದ್ದ ಹೊದಿಕೆಗಳಿಗೆಲ್ಲ ಅಂಚು ಹೊಲಿದು ಹಾಕಿದ್ದೆ. ಒಂದೂ ಹರಿದಿರಲಿಲ್ಲ. ಕಾಲು ಆಡ್ತಿದ್ರೆ ತಲೆ ಸುಮ್ನಿರುತ್ತೆ ಕಣೇ."

"ಮಂಡಿ?"

"ಅದು ನೋಯುತ್ತೆ. ನೋಯ್ಲಿ ಬಿಡು."

ಸೊಸೆಯ ಕಣ್ಣು ಮೇಜಿನ ಮೇಲಿದ್ದ ಫೋನಿನ ಮೇಲಿತ್ತು. ಅವಳ ಕುತ್ತಿಗೆಯ ಗಂಟಿನಿಂದ ತೆಗೆದ ಚೂರು ಪರೀಕ್ಷೆಗೆ ಹೋಗಿ ಐದು ದಿನವಾಗಿತ್ತು. ಹನ್ನೊಂದಕ್ಕೆ ಡಾಕ್ಟರೇ ಫೋನ್ ಮಾಡುತ್ತೇನೆಂದಿದ್ದರು. ಅವಳು ಕೂತಳು, ಎದ್ದಳು, ಕಿಟಕಿಗೆ ಹೋಗಿ ಬಂದಳು, ಬೇಡದ ನೀರು ಕುಡಿದಳು. ಅವಳಿಗೆ ಭಯವಾಗಿತ್ತು. ಬೆಳಗಿನಿಂದ ಅದನ್ನು ಯಾರಿಗೂ ಹೇಳಿರಲಿಲ್ಲ.

ಅತ್ತೆ ತುಳಿಯುವುದನ್ನು ನಿಲ್ಲಿಸಿದರು. ಸೂಜಿ ಕಳಚಿ ಡಬ್ಬಿಗೆ ಹಾಕಿದರು. ದಾರದ ಉರುಳೆ ತೆಗೆದಿಟ್ಟರು. ಆಮೇಲೆ ಸ್ಟೂಲು ಬಿಟ್ಟು ಎದ್ದರು. ಆ ಸ್ಟೂಲಿನ ಮೇಲೆ ಬೇರೊಬ್ಬರು ಕೂತದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಬಾ, ಕೂತ್ಕೋ."

"ನಂಗೆ ಹೊಲಿಯೋಕೆ ಬರಲ್ವಲ್ಲ ಅತ್ತೆ."

"ಹೊಲಿ ಅಂದೋರ್ಯಾರು? ತುಳಿ."

ಮೊದಮೊದಲು ಚಕ್ರ ಹಿಂದಕ್ಕೆ ತಿರುಗಿ ಗಕ್ಕನೆ ನಿಂತಿತು. "ಹಿಮ್ಮಡಿ ಒಂದ್ಸಲ, ಬೆರಳು ಒಂದ್ಸಲ. ಅವಸರ ಏನಿಲ್ಲ" ಎಂದರು ಅತ್ತೆ. ನಾಲ್ಕನೆಯ ಸಲಕ್ಕೆ ಚಕ್ರ ಕಾಲಿನ ಮಾತು ಕೇಳಿತು. ಸ್ವಲ್ಪ ಹೊತ್ತಿಗೆ ಸೊಸೆಯ ಉಸಿರೂ ಅದರ ಜೊತೆಗೆ ಹೆಜ್ಜೆ ಹಾಕತೊಡಗಿತು. ಭಯವೇನೂ ಎದ್ದು ಹೋಗಲಿಲ್ಲ, ಸ್ವಲ್ಪ ಸರಿದು ಕೂತಿತು, ಅಷ್ಟೆ.

ಹನ್ನೊಂದೂ ಹತ್ತಕ್ಕೆ ಫೋನ್ ಬಂತು. ಸೊಸೆ ಒಂದು ಕೈಯಲ್ಲಿ ಎತ್ತಿಕೊಂಡಳು. ಕಾಲು ನಿಲ್ಲಲಿಲ್ಲ.

"ಹೇಳಿ ಡಾಕ್ಟ್ರೇ, ಕೇಳ್ತಿದೀನಿ." ದನಿ ನಡುಗಲಿಲ್ಲ.

ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕತ್ತರಿ ಒರೆಸುತ್ತಿದ್ದರು. ಕುರ್ಚಿಯ ಕೆಳಗೆ ಅವರ ಎರಡೂ ಪಾದಗಳು ಬರಿನೆಲವನ್ನು ತುಳಿಯುತ್ತಿದ್ದವು.